ಪೇಟಿಯ ಗಾಂಧಾರ, ಏಕತಾರಿಯ ಪಂಚಮ

ಕೊಡೇಕಲ್ ಬಸವಣ್ಣನ ಕಾಲಜ್ಞಾನ ಇಂದಿಗೂ ಬಾಯಲ್ಲಿರುವ ಸೀಮೆ ಹುಣಸಗಿ. ಇಲ್ಲಿನ ಭಜನೆಯಲ್ಲಿ ಏಕತಾರಿ, ಪೇಟಿ ಅಕ್ಕಪಕ್ಕ ಕೂರುತ್ತವೆ. ಶ್ರುತಿಯಲ್ಲಿ ಮಾತ್ರ ಪೂರಾ ಕೂಡುವುದಿಲ್ಲ. ಆ ತಕರಾರಿನ ಮೇಲೆ ನಾನೇ ಹೊಸೆದ ನಾಲ್ಕು ಸಾಲಿಗೆ ಈ ಟೀಕೆ.

ಲಘು ಒಂದು, ಗುರು ಎರಡು, ಎಣಿಸುತ್ತ ನಡೆ

ಇದು ಮಾತ್ರಾಗಣದ ಲೆಕ್ಕ. ಮೂರು ಮಾತ್ರೆಯ ಗಣ ಮೂರು ಬಗೆ, ನಾಲ್ಕರದು ಐದು, ಐದರದು ಎಂಟು. ಗಣದ ಕೊನೆಯಲ್ಲಿ ಲಘುವೋ ಗುರುವೋ ಇರಲೇಬೇಕು. ಅದನ್ನು ತೆಗೆದರೆ ಉಳಿಯುವುದು ಹಿಂದಿನ ಎರಡು ಲೆಕ್ಕಗಳೇ. ಫಿಬೊನಾಚಿಯ 1202ರ ಪುಸ್ತಕಕ್ಕೆ ಮೊದಲೇ ಜೈನ ಪಂಡಿತ ಹೇಮಚಂದ್ರ ಇದನ್ನು ಹೇಳಿದ್ದ. ನಡೆಯುತ್ತ ಹೋದಂತೆ ಪಕ್ಕದ ಸಂಖ್ಯೆಗಳ ಅನುಪಾತ 1.618ರ ಹತ್ತಿರ ಸರಿಯುತ್ತದೆ. ಅದೇ ಸುವರ್ಣಾನುಪಾತ.

ಹನ್ನೆರಡು ಹತ್ತೊಂಬತ್ತು, ಮುಂದೆ ಮೂವತ್ತೊಂದು

ಶುದ್ಧ ಸ್ವರಗಳಲ್ಲಿ ಸ-ದಿಂದ ಮೇಲಿನ ಸ-ಕ್ಕೆ ಏಳು ಮೆಟ್ಟಿಲು: ಐದು ದೊಡ್ಡವು, ಗ-ಮ, ನಿ-ಸ ನಡುವಿನವೆರಡು ಸಣ್ಣವು. ದೊಡ್ಡದಕ್ಕೆ 2, ಸಣ್ಣದಕ್ಕೆ 1 ಪಾಲು ಕೊಟ್ಟರೆ ಪೇಟಿಯ ಹನ್ನೆರಡು ಮನೆ. 3, 2 ಕೊಟ್ಟರೆ 19. 5, 3 ಕೊಟ್ಟರೆ 31. 8, 5 ಕೊಟ್ಟರೆ 50. ಇಲ್ಲೂ ಹಿಂದಿನೆರಡು ಕೂಡಿದರೆ ಮುಂದಿನದು. ಈ ದಾರಿಯ ತುದಿಯಲ್ಲಿ ದೊಡ್ಡದು ಸಣ್ಣದರ 1.618 ಪಟ್ಟು. ಡೆನ್ಮಾರ್ಕಿನ ಥೋರ್ವಾಲ್ಡ್ ಕೋರ್ನರುಪ್ ಎತ್ತಿಹಿಡಿದ ಸುವರ್ಣ ಶ್ರುತಿ ಇದು.

ಗಾಂಧಾರ ಒಲಿಯಿತು

ಷಡ್ಜ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳಿ. ತಂತಿಯ ಐದನೇ ಉಪಸ್ವರವನ್ನು ಎರಡು ಸ್ಥಾಯಿ ಇಳಿಸಿದರೆ ಸಿಗುವ ಗ 300. ಪೇಟಿಯದು 302.4, ಅದಕ್ಕೇ ಏಕತಾರಿಯ ಜೊತೆ ಗರಗರ ಎನ್ನುತ್ತದೆ. ಸುವರ್ಣ ಶ್ರುತಿಯದು 299.75. ದನಿ ಏರಿಳಿಯುವ ತೊನೆತ ಹುಟ್ಟುವುದು ಎರಡೂ ದನಿಗಳ ಉಪಸ್ವರಗಳು ಎದುರಾಗುವಲ್ಲಿ; ಅಲ್ಲಿ ಈ ಅಂತರ ನಾಲ್ಕು ಪಟ್ಟು. ಹಾಗಾಗಿ ಸೆಕೆಂಡಿಗೆ ಒಂಬತ್ತು ದಾಟುತ್ತಿದ್ದ ತೊನೆತ ಒಂದಕ್ಕಿಳಿಯುತ್ತದೆ.

ಪಂಚಮ ಮುನಿಯಿತು

ಪ ಇರಬೇಕಾದ್ದು 360. ಪೇಟಿಯದು 359.6, ಹೆಚ್ಚುಕಡಿಮೆ ಸರಿ. ಸುವರ್ಣದ್ದು 358.8: ಇಲ್ಲಿ ಅಂತರ ಎರಡು ಪಟ್ಟಾಗಿ, ಸೆಕೆಂಡಿಗೆ ಎರಡಕ್ಕೂ ಮಿಕ್ಕು ತೊನೆತ. ಗ ತಂತಿಯೊಳಗೆ ಅಡಗಿದ ಐದನೆಯ ದನಿ, ಪ ಎದ್ದು ಕೇಳುವ ಮೂರನೆಯದು. ಅಲ್ಲಿಯ ತಪ್ಪು ಬಚ್ಚಿಡಲಾಗದು.

ಹಾಡುವವರು ಗಾಂಧಾರವನ್ನು ಪೇಟಿಯಿಂದ ಕೇಳಿ ಪಡೆಯುವುದಿಲ್ಲ, ಕಂಠವನ್ನೇ ತುಸು ಇಳಿಸಿ ತಂತಿಗೆ ಸೇರಿಸುತ್ತಾರೆ. ಕೈಯಲ್ಲಿ ಏಕತಾರಿ ಇರುವವರೆಗೆ ಗಾಂಧಾರಕ್ಕಾಗಿ ಪಂಚಮವನ್ನು ಒತ್ತೆ ಇಡುವ ಗರಜು ಅವರಿಗಿಲ್ಲ.