ಟ್ಯೂಬ್‌ಲೈಟ್ ಆರಿಸಿದ್ದು ಯಾಕೆ?

ಕೊಂಡ್ಲಹಳ್ಳಿಯ ನಮ್ಮನೆಯಲ್ಲಿ ಮಗ್ಗದ ಮೇಲೊಂದು ಟ್ಯೂಬ್‌ಲೈಟ್ ಇದೆ. ಅಮ್ಮ ನೇಯೋದು ಅದರ ಬೆಳಕಲ್ಲೇ. ಹೋದ ವರ್ಷ ಸೀರೆ ಅಂಗಡಿಯೊಂದರ ಕ್ಯಾಟಲಾಗಿಗೆ ಫೋಟೊ ತೆಗೆಯಲು ಬಂದವರು ಮೊದಲು ಮಾಡಿದ ಕೆಲಸ, ಅದನ್ನು ಆರಿಸಿದ್ದು. ಆಮೇಲೆ ಬಾಗಿಲು ಮುಚ್ಚಿದರು. ಗವಾಕ್ಷಿಯಿಂದ ಇಳಿದ ಒಂದೇ ಒಂದು ಬಿಸಿಲುಕೋಲಲ್ಲಿ ಅಮ್ಮನ ಅರ್ಧ ಮುಖ, ಲಾಳಿ ಹಿಡಿದ ಕೈ, ಸುತ್ತ ಕಗ್ಗತ್ತಲು. ಆಫೀಸಿನವರೆಲ್ಲ 'ಸೂಪರ್' ಅಂದರು. ನಾನೂ ಸ್ಟೇಟಸ್‌ಗೆ ಹಾಕಿಕೊಂಡೆ. ಅಮ್ಮ ಮಾತ್ರ, "ಇಷ್ಟು ಕತ್ತಲಾಗೆ ಎಳೆ ಕಡಿದ್ರೆ ಕಾಣ್ತೈತೇನಪ್ಪ? ಯಾರು ಹಿಂಗೆ ನೇಯ್ತಾರೆ?" ಅಂದಳು.

ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ನಾನು ಪುಷ್ಪಮಾಲಾ ಎನ್. ಮತ್ತು ಕ್ಲೇರ್ ಆರ್ನಿ ಅವರ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯನ್ನು ಮತ್ತೆ ನೋಡಿದೆ. 2000ರಿಂದ 2004ರವರೆಗೆ ಮಾಡಿದ ಕೆಲಸ ಅದು. ಪುಷ್ಪಮಾಲಾ ಬೆಂಗಳೂರಿನವರು, ಕಲಿತದ್ದು ಶಿಲ್ಪಕಲೆ. ಆರ್ನಿ ಬೆಂಗಳೂರಿನಲ್ಲೇ ನೆಲೆಸಿದ ಛಾಯಾಗ್ರಾಹಕಿ. ನಾವು ಈಗಾಗಲೇ ನೋಡಿರುವ ಚಿತ್ರಗಳನ್ನೇ, ರವಿವರ್ಮನ ಲಕ್ಷ್ಮಿ, ಬಿಜಾಪುರದ ಯೋಗಿನಿ, ಜಯಲಲಿತಾರ ಸಿನಿಮಾ ಸ್ಟಿಲ್, ಪತ್ರಿಕೆಯಲ್ಲಿ ಬಂದ ಆರೋಪಿಗಳ ಫೋಟೊ, ಇವರು ಬಣ್ಣ ಬಳಿದ ಪರದೆ ಕಟ್ಟಿ ಮತ್ತೆ ಮಾಡಿದರು. ಅವುಗಳಲ್ಲೆಲ್ಲ ಪುಷ್ಪಮಾಲಾ ತಾವೇ ವೇಷ ಹಾಕಿ ನಿಂತರು.

ಈ ಸರಣಿಯ ಬಗ್ಗೆ ಮಾತಾಡುವವರು ಹೆಚ್ಚಾಗಿ ವೇಷದ ಬಗ್ಗೆ ಮಾತಾಡುತ್ತಾರೆ. ನನಗನ್ನಿಸೋದು, ಇಲ್ಲಿ ಅರ್ಧ ಕೆಲಸ ಬೆಳಕಿನದ್ದು. ಸೀರೆ, ಕಿರೀಟ ಇಷ್ಟರಿಂದಲೇ ಒಬ್ಬಾಕೆ ಲಕ್ಷ್ಮಿ ಆಗೋದಿಲ್ಲ. ಕ್ಯಾಲೆಂಡರಿನ ದೇವರ ಮುಖಕ್ಕೆ ಬೆಳಕು ಎಲ್ಲಿಂದ ಬಂತು ಅಂತ ಗೊತ್ತಾಗಬಾರದು, ಅದು ತಾನೇ ಹೊಳೆಯಬೇಕು. ಆರೋಪಿಯ ಫೋಟೊದಲ್ಲಿ ಮುಚ್ಚಿಟ್ಟುಕೊಳ್ಳೋಕೆ ನೆರಳೇ ಇರಬಾರದು, ಬೆಳಕು ಎದುರಿನಿಂದ ಸಪಾಟಾಗಿ ಬಡಿಯಬೇಕು. ಮುಖ ಒಂದೇ, ಬೆಳಕು ಬದಲಾದರೆ ಒಂದು ಕಡೆ ಕೈ ಮುಗೀತೀವಿ, ಇನ್ನೊಂದು ಕಡೆ ಪರ್ಸ್ ಗಟ್ಟಿಯಾಗಿ ಹಿಡ್ಕೊಳ್ತೀವಿ.

ಇನ್ನೊಂದು ಚಿತ್ರದಲ್ಲಿ ಆಕೆ ತೋಡ ಹೆಂಗಸಾಗಿ ಚೌಕಳಿ ಪರದೆಯ ಮುಂದೆ ನಿಂತಿದ್ದಾರೆ. ಇದರ ಹಿಂದೊಂದು ಚರಿತ್ರೆ ಇದೆ. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬಾತ ಮರದ ಚೌಕಟ್ಟಿಗೆ ರೇಷ್ಮೆ ದಾರ ಎಳೆದು, ಎರಡೆರಡು ಇಂಚಿನ ಚೌಕ ಮಾಡಿ, ಅದರ ಮುಂದೆ ಜನರನ್ನು ನಿಲ್ಲಿಸಿ ಫೋಟೊ ತೆಗೆಯುವ ವಿಧಾನ ಹೇಳಿಕೊಟ್ಟ. ಮೈಯನ್ನು ಅಳೆಯೋದಕ್ಕೆ. ಅಲ್ಲಿಯ ಬೆಳಕಿಗೂ ಅದೇ ಕೆಲಸ: ತೋರಿಸು, ಅಳೆ, ಪಟ್ಟಿಗೆ ಸೇರಿಸು. ಅಮ್ಮನಿಗೆ ಇದನ್ನು ಹೇಳಿದಾಗ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು: "ರೇಷ್ಮೆ ದಾರಾನ? ಅದಕ್ಕಾ?"

ಫೋನಿನಲ್ಲಿ ಅವಳಿಗೆ 'ಲೇಡಿ ಇನ್ ಮೂನ್‌ಲೈಟ್' ತೋರಿಸಿದೆ. ರವಿವರ್ಮ 1889ರಲ್ಲಿ ಬರೆದ ಬೆಳದಿಂಗಳ ಚಿತ್ರದ ಮರುಸೃಷ್ಟಿ. ನೇಯುವವರ ಕಣ್ಣು ಬೇರೆ. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಇದ್ದರೆ ಸೀರೆಯ ನಿಜವಾದ ಬಣ್ಣ ಒಳಗೆ ತಿಳಿಯಲ್ಲ ಅಂತ ಹೊಸ್ತಿಲಿಗೆ ತಂದು ನೋಡೋ ಜನ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಬೆಳದಿಂಗಳಾಗೆ ಯಾವ ಸೀರೆನೂ ಹಿಂಗೆ ಕಾಣಲ್ಲ. ಇದು ನಾಟಕದ ಲೈಟು. ಆದ್ರೆ ಈಯಮ್ಮಂಗೆ ಅದು ಗೊತ್ತೈತೆ ಬಿಡು" ಅಂದು ನಕ್ಕಳು.

ಇದಕ್ಕಿಂತ ಒಳ್ಳೆಯ ವಿಮರ್ಶೆ ನನ್ನ ಕೈಲಾಗಲ್ಲ. ಆರ್ನಿಯ ಬೆಳಕು ತಾನು ನಾಟಕ ಅಂತ ಒಪ್ಪಿಕೊಳ್ಳುತ್ತೆ. ಕ್ಯಾಟಲಾಗಿನ ಬಿಸಿಲುಕೋಲು ತಾನೇ ಸತ್ಯ ಅನ್ನುತ್ತೆ. ಕೈಮಗ್ಗ ಅಂದರೆ ಹಳೇ ಕಾಲ, ಕತ್ತಲು, ಬಡತನ, ಅದಕ್ಕೇ ಅಷ್ಟು ಚೆಂದ. ಕೊಳ್ಳುವವರಿಗೆ ಸೀರೆಯ ಜೊತೆ ಅದೂ ಬೇಕು. ಕರೆಂಟ್ ಬಿಲ್ ಕಟ್ಟೋ ನೇಕಾರಳು ಆ ಚೌಕಟ್ಟಿನಲ್ಲಿ ಹಿಡಿಸಲ್ಲ.

ಆದರೂ ಪುಷ್ಪಮಾಲಾ ಅವರ ಸರಣಿಯ ಬಗ್ಗೆ ನನಗೊಂದು ತಕರಾರಿದೆ. ವೇಷ ಕಳಚಿದರೆ ಅವರು ಮತ್ತೆ ಪುಷ್ಪಮಾಲಾ. ಲೈಟು ಹೇಗಿರಬೇಕು ಅನ್ನೋ ಮಾತಲ್ಲಿ ಅವರಿಗೂ ಪಾಲಿತ್ತು. ಚೌಕಳಿ ಮುಂದೆ ನಿಜವಾಗಿ ನಿಂತ ಹೆಂಗಸಿಗೆ ಆ ಸವಲತ್ತು ಇರಲಿಲ್ಲ, ಆಕೆ ಯಾರು, ಏನಂದುಕೊಂಡಳು ಅನ್ನೋದರ ಕಡೆ ಸರಣಿ ಹೊರಳೋದೂ ಇಲ್ಲ. ಆಟ ಎಷ್ಟು ಚುರುಕಾಗಿದೆ ಅಂದರೆ, ನಾವು ಗುರುತು ಹಿಡಿದ ಖುಷಿಯಲ್ಲೇ ಮುಂದಿನ ಚಿತ್ರಕ್ಕೆ ಹೋಗಿಬಿಡ್ತೀವಿ.

ಆ ಸ್ಟೇಟಸ್ 24 ಗಂಟೆಯಲ್ಲಿ ತಾನೇ ಅಳಿಸಿಹೋಯ್ತು. ಕ್ಯಾಟಲಾಗಿನಲ್ಲಿ ಅಮ್ಮ ಇನ್ನೂ ಕತ್ತಲಲ್ಲೇ ನೇಯ್ತಿದ್ದಾಳೆ. ಅವತ್ತು ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದವನು ನಾನು. ಅವರು ಕೇಳಿದಾಗ ಟ್ಯೂಬ್‌ಲೈಟ್ ಆರಿಸಿದವನೂ ನಾನೇ.