ತಮ್ಮವರು, ಹೆರವರು: ಟಾಜ್‌ಫೆಲ್ಲರ ಸಮೂಹವಿಚಾರ

ಮನುಷ್ಯನು ತನ್ನವರನ್ನು ಮೆಚ್ಚುವುದೂ ಹೆರವರನ್ನು ಹಳಿಯುವುದೂ ಲೋಕದಲ್ಲಿ ಹೊಸತಲ್ಲ. ಅದರ ಕಾರಣವನ್ನು ಪ್ರಯೋಗದಿಂದ ಅರಸಹೊರಟ ವಿದ್ವಾಂಸರಲ್ಲಿ ಹೆನ್ರಿ ಟಾಜ್‌ಫೆಲ್ಲರು (1919–1982) ಗಣ್ಯರು. ಪೋಲೆಂಡಿನ ಯಹೂದಿ ಮನೆತನದಲ್ಲಿ ಹುಟ್ಟಿದ ಇವರು ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನರ ಸೆರೆಯನ್ನು ಅನುಭವಿಸಿದರು. ಬಿಡುಗಡೆಯಾಗಿ ಬಂದಾಗ ಬಂಧುಬಳಗದ ಬಹುಭಾಗವು ಹತವಾಗಿತ್ತು. ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಸಮಾಜಮನಶ್ಶಾಸ್ತ್ರದ ಪ್ರಾಧ್ಯಾಪಕರಾದರು.

ಇವರು 1970ರಲ್ಲಿ ಪ್ರಕಟಿಸಿದ ಪ್ರಯೋಗವು ಅತ್ಯಂತ ಸರಳವಾದುದು. ಹದಿನಾಲ್ಕು–ಹದಿನೈದು ವರ್ಷದ ಶಾಲಾಬಾಲಕರಿಗೆ ಪರದೆಯ ಮೇಲೆ ಚುಕ್ಕೆಗಳ ರಾಶಿಯನ್ನು ತೋರಿಸಿ, ಎಷ್ಟಿರಬಹುದೆಂದು ಊಹಿಸಲು ಹೇಳಲಾಯಿತು. ಬಳಿಕ, ಹೆಚ್ಚಾಗಿ ಎಣಿಸಿದವರದೊಂದು ಗುಂಪು, ಕಡಿಮೆ ಎಣಿಸಿದವರದೊಂದು ಗುಂಪು ಎಂದು ತಿಳಿಸಲಾಯಿತು. ವಾಸ್ತವವಾಗಿ ಹಂಚಿಕೆಯಾದುದು ಯಾವ ನಿಯಮವೂ ಇಲ್ಲದೆ. ತನ್ನ ಗುಂಪಿನಲ್ಲಿ ಯಾರಿರುವರೆಂಬುದು ಯಾವ ಹುಡುಗನಿಗೂ ತಿಳಿಯದು; ತಾನು ಹಂಚುವ ಅಲ್ಪ ಹಣದಲ್ಲಿ ತನಗೆ ಕಾಸೂ ಬಾರದು. ಆದರೂ ಹುಡುಗರು ತಮ್ಮ ಗುಂಪಿನವನಿಗೇ ಹೆಚ್ಚು ಕೊಟ್ಟರು. ಅದಕ್ಕೂ ಮಿಗಿಲಾದ ಆಶ್ಚರ್ಯವೆಂದರೆ, ತಮ್ಮವನಿಗೆ ಬರುವ ಮೊತ್ತ ತುಸು ಇಳಿದರೂ ಚಿಂತೆಯಿಲ್ಲ, ಹೆರವನಿಗಿಂತ ಮೇಲಾದರೆ ಸಾಕೆಂಬ ಒಲವು ಅವರಲ್ಲಿ ಕಂಡುಬಂದಿತು.

ಹಳೆಯ ವೈರ, ಆಸ್ತಿಯ ಜಗಳ, ಬಣ್ಣದ ಭೇದ ಇವಾವುವೂ ಇಲ್ಲದೆ, ಗೆರೆಯೊಂದೇ ಪಕ್ಷಪಾತಕ್ಕೆ ಸಾಕೆಂದು ತೋರಿಸಿಕೊಟ್ಟುದು ಈ ಸಂಶೋಧನೆಯ ಹಿರಿಮೆ. ಜನಾಂಗದ್ವೇಷವು ರಕ್ತದಲ್ಲಿಯೇ ಹರಿಯುತ್ತದೆಂಬ ಮಾತಿಗೆ ಇಂಥ ಚೊಕ್ಕ ಖಂಡನೆ ವಿರಳ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಶಾಲೆಯಲ್ಲಿ ಗೆರೆಯೆಳೆದವರು ಪ್ರಯೋಗಕಾರರು. ಲೋಕದಲ್ಲಿ ಅದನ್ನು ಎಳೆಯುವವರಾರು? ಮೈಬಣ್ಣ, ನುಡಿ, ಮತ, ಹುಟ್ಟಿದ ನಾಡು ಎಂಬ ಹಲವು ಗುರುತುಗಳಲ್ಲಿ ಒಂದನ್ನೇ ಆರಿಸಿಕೊಳ್ಳುವುದೇಕೆ? ಚುಕ್ಕೆಗಳ ಪ್ರಯೋಗದೊಳಗೆ ಇದಕ್ಕೆ ಉತ್ತರವಿಲ್ಲ, ಇತಿಹಾಸದಲ್ಲಿ ಅರಸಬೇಕು. ಸಮಾಜದ ಸಂದರ್ಭವನ್ನು ಬಿಟ್ಟು ಮನಸ್ಸನ್ನು ಅರಿಯಲಾಗದೆಂದು ಟಾಜ್‌ಫೆಲ್ಲರೇ ವಾದಿಸಿದವರು.

ಅಂಥ ಇತಿಹಾಸವು ನಾಲತವಾಡದ ವಾಚಕರಿಗೆ ದೂರದ್ದಲ್ಲ. ನೆರೆಯ ತಾಳಿಕೋಟೆಯ ಹೆಸರು ಹೊತ್ತ 1565ರ ಯುದ್ಧವನ್ನು ಎರಡು ಪಕ್ಷಗಳ ಕಥೆಯಾಗಿ ಹೇಳುವುದು ವಾಡಿಕೆ. ಅದರಲ್ಲಿ ಗೆದ್ದವರೊಳಗೊಂದಾದ ವಿಜಾಪುರದ ಆಸ್ಥಾನವಾದರೋ ತನ್ನೊಳಗೇ ಎರಡಾಗಿತ್ತು. ಇರಾನ್ ಮೊದಲಾದ ಕಡೆಗಳಿಂದ ಹೊಸದಾಗಿ ಬಂದ ಸರದಾರರು ಆಫಾಕಿಗಳು. ದಕ್ಷಿಣದಲ್ಲಿಯೇ ನೆಲೆಸಿದವರು ದಖ್ಖನಿಗಳು. ಬಹಮನಿ ಕಾಲದಲ್ಲಿಯೇ ಬೆಳೆದ ಈ ವೈರವು 1481ರಲ್ಲಿ ಮಹಮೂದ ಗವಾನನಂಥ ಮಂತ್ರಿಯ ಪ್ರಾಣಕ್ಕೆ ಎರವಾಗಿತ್ತು. ಆಫ್ರಿಕದಿಂದ ಗುಲಾಮರಾಗಿ ಬಂದ ಹಬ್ಶಿಗಳು, ತಾವೂ ಕಡಲಾಚೆಯವರೇ ಆದರೂ, ಸಾಮಾನ್ಯವಾಗಿ ದಖ್ಖನಿಗಳ ಪಕ್ಷದಲ್ಲಿಯೇ ನಿಂತರೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. 1534ರಲ್ಲಿ ಪಟ್ಟವೇರಿದ ಒಂದನೆಯ ಇಬ್ರಾಹೀಮ ಆದಿಲಶಹನು ಆಫಾಕಿಗಳನ್ನು ದೂರಮಾಡಿ ಈ ಪಕ್ಷವನ್ನು ಮೇಲೆತ್ತಿದನು. ಹಬ್ಶಿಗಳಾದರೂ ತಮ್ಮೊಳಗೆ ಒಂದಾಗಿರಲಿಲ್ಲ: 1582ರಲ್ಲಿ ದಿಲಾವರಖಾನನು ಅಧಿಕಾರ ಹಿಡಿದುದು ಮತ್ತೊಬ್ಬ ಹಬ್ಶಿಯಾದ ಇಖ್ಲಾಸಖಾನನನ್ನು ಕೆಡವಿ. ಆ ಆಸ್ಥಾನದಲ್ಲಿ ಗೆರೆಯಾದುದು ಮೈಬಣ್ಣವಲ್ಲ. ಅಧಿಕಾರ ಮತ್ತು ಒಡೆಯನ ಒಲವು.

ಇನ್ನು ಉತ್ತರ ಕನ್ನಡದ ಕಾಡುಗಳಲ್ಲಿ ನೆಲೆಸಿದ ಸಿದ್ದಿಗಳನ್ನು ನೋಡಬಹುದು. ಇವರೂ ಆಫ್ರಿಕದ ಮೂಲದವರೇ. ಇವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತರೆಂಬ ಮೂರು ಮತದವರುಂಟು; ನುಡಿಯೂ ಒಂದಲ್ಲ. ಆದರೂ ಹೊರಗಿನ ಕಣ್ಣಿಗೆ ಬೀಳುವುದು ಬಣ್ಣ, ಗುಂಗುರುಕೂದಲುಗಳೇ. 1987ರಿಂದ ಕೆಲವು ವರ್ಷ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಓಟದ ತರಬೇತಿಗೆ ಆರಿಸಿದುದರ ಹಿಂದೆಯೂ ಆಫ್ರಿಕದ ಮೈಯೇ ಓಟದ ಮೈಯೆಂಬ ಎಣಿಕೆಯಿತ್ತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರ ವರೆಗೆ ಕಾಯಬೇಕಾಯಿತು. ಒಂದೇ ಮೂಲದವರ ನಡುವೆ ಜಿಲ್ಲೆಯ ಎಲ್ಲೆಯೇ ಗೆರೆಯಾಯಿತು! ಆದರೆ ಮೂರು ಮತದವರು ಸಿದ್ದಿಯೆಂಬ ಒಂದೇ ಹೆಸರಿನಲ್ಲಿ ಕೂಡಿ ಹಕ್ಕು ಕೇಳಿದುದನ್ನೂ ಮರೆಯಲಾಗದು. ಕೀಳೆನಿಸಿದ ಗುಂಪು ತನ್ನ ಗುರುತನ್ನೇ ಹೆಮ್ಮೆಯಾಗಿ ತಿರುಗಿಸಿಕೊಳ್ಳಬಲ್ಲುದೆಂದು ಟಾಜ್‌ಫೆಲ್ ಮತ್ತು ಟರ್ನರ್ ಇವರು 1979ರಲ್ಲಿ ಹೇಳಿದ ಮಾತು ಇಲ್ಲಿ ಸಾರ್ಥಕವಾಗಿದೆ.

ತರ್ಕಶಾಸ್ತ್ರದಲ್ಲಿ ಜಾತಿಗೂ ಉಪಾಧಿಗೂ ಭೇದವುಂಟು. ಗೋತ್ವವು ಜಾತಿ, ಅದು ಹಸುವಿನಲ್ಲಿ ಸಹಜವಾಗಿ ನೆಲಸಿದುದು. ಪಾಚಕತ್ವ, ಎಂದರೆ ಅಡುಗೆಯವನೆನಿಸುವಿಕೆ, ಉಪಾಧಿ. ಅದು ಕೆಲಸದಿಂದ ಬಂದುದು. ಜನಾಂಗವೆಂಬುದು ಜಾತಿಯಂತೆ ತೋರುವ ಉಪಾಧಿಯೆಂದು ವಿಜಾಪುರದ ಚರಿತ್ರೆ ತಿಳಿಸುತ್ತದೆ. ಉಪಾಧಿಯಾದ ಮಾತ್ರಕ್ಕೆ ಅದನ್ನು ಹುಸಿಯೆಂದು ಕಡೆಗಣಿಸುವಂತಿಲ್ಲ, ಅದು ಕೊಡುವ ಕೈಯನ್ನೇ ಬಾಗಿಸಬಲ್ಲುದೆಂದು ಬ್ರಿಸ್ಟಲ್ಲಿನ ಬಾಲಕರು ತಿಳಿಸುತ್ತಾರೆ. ಈ ಎರಡನ್ನೂ ಕೂಡಿಸಿ ಓದಿದಾಗಲೇ ಟಾಜ್‌ಫೆಲ್ಲರ ವಿಚಾರವು ಪೂರ್ಣವಾಗುವುದು. ಅಚ್ಚಗನ್ನಡವನ್ನಾಡುವ ಸಿದ್ದಿಯೊಬ್ಬನನ್ನು ಕಂಡು ಯಾವ ದೇಶದವನೆಂದು ಕೇಳುವವನು, ತಾನರಿಯದೆಯೇ, ಆ ಗೆರೆಯನ್ನು ಮತ್ತೊಮ್ಮೆ ಎಳೆಯುತ್ತಾನೆ.