ಎರಡನೆಯ ಅವಕಾಶದ ಋಣ: ‘ಲಕ್ಕಿ ಮ್ಯಾನ್’ ಚಿತ್ರವನ್ನು ಕುರಿತು

ಕಳೆದುಹೋದ ಪ್ರಾಯವನ್ನು ಮರಳಿ ಪಡೆಯುವ ಬಯಕೆ ನಮ್ಮ ಕಥಾಪರಂಪರೆಗೆ ಹೊಸದಲ್ಲ. ಮಹಾಭಾರತದ ಯಯಾತಿ ಶುಕ್ರಾಚಾರ್ಯನ ಶಾಪದಿಂದ ಅಕಾಲದ ಮುಪ್ಪಿಗೆ ಒಳಗಾಗಿ, ಮಗ ಪೂರುವಿನ ಯೌವನವನ್ನು ಬೇಡಿ ಪಡೆಯುತ್ತಾನೆ. ಯೌವನವು ಒಬ್ಬನಿಗೆ ಎರಡನೆಯ ಸಲ ದಕ್ಕಬೇಕಾದರೆ ಇನ್ನೊಬ್ಬನು ಅದನ್ನು ತೆರಬೇಕು ಎಂಬ ಲೆಕ್ಕವನ್ನು ಆ ಕಥೆ ಎಲ್ಲಿಯೂ ಮುಚ್ಚಿಡುವುದಿಲ್ಲ. ಗತಕಾಲಕ್ಕೆ ಮರಳುವ ವಸ್ತುವುಳ್ಳ ಇಂದಿನ ಹಾಸ್ಯಪ್ರಧಾನ ಚಿತ್ರಗಳಲ್ಲಿ ಈ ಲೆಕ್ಕ ಬಹುಮಟ್ಟಿಗೆ ಮರೆಯಾಗಿದೆ. 2022ರ ಸೆಪ್ಟೆಂಬರಿನಲ್ಲಿ ತೆರೆಕಂಡ ‘ಲಕ್ಕಿ ಮ್ಯಾನ್’ ಎಂಬ ಕನ್ನಡ ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಲದಲ್ಲಿ ಹಿಂದುಮುಂದಾಗಿ ಚಲಿಸುವ ಯಂತ್ರದ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದು 1895ರಲ್ಲಿ ಪ್ರಕಟವಾದ ಎಚ್. ಜಿ. ವೆಲ್ಸ್‌ನ ಕಾದಂಬರಿ. ಅದನ್ನು ದಕ್ಷಿಣ ಭಾರತದ ತೆರೆಗೆ ಯಶಸ್ವಿಯಾಗಿ ತಂದವರು ಸಿಂಗೀತಂ ಶ್ರೀನಿವಾಸರಾವ್. ಕನ್ನಡದಲ್ಲಿ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಚಿತ್ರಗಳನ್ನು ನಿರ್ದೇಶಿಸಿದ ಇವರು 1991ರಲ್ಲಿ ತೆಲುಗಿನಲ್ಲಿ ‘ಆದಿತ್ಯ 369’ ಎಂಬ ಚಿತ್ರವನ್ನು ಮಾಡಿ, ನಾಯಕನನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ಕಳುಹಿಸಿದರು. 2010ರ ಹಿಂದಿ ಚಿತ್ರ ‘ಆಕ್ಷನ್ ರೀಪ್ಲೇ’ಯಲ್ಲಿ ಮಗನೊಬ್ಬನು 1975ಕ್ಕೆ ಹೋಗಿ, ತಂದೆತಾಯಿಗಳ ನಡುವೆ ಒಲವು ಮೂಡುವಂತೆ ಮಾಡುತ್ತಾನೆ. ಮೊದಲನೆಯದು ಚರಿತ್ರೆಗೆ ಹೋಗುವ ಪಯಣ. ಎರಡನೆಯದು ಹೆತ್ತವರ ಯೌವನಕ್ಕೆ. ‘ಲಕ್ಕಿ ಮ್ಯಾನ್’ ಇವೆರಡಕ್ಕಿಂತ ಚಿಕ್ಕ ದೂರವನ್ನು ಕ್ರಮಿಸುತ್ತದೆ. ಅದರ ನಾಯಕ ಮರಳುವುದು ತನ್ನದೇ ಬದುಕಿನ ಒಂದು ತಿರುವಿಗೆ.

ಎಸ್. ನಾಗೇಂದ್ರ ಪ್ರಸಾದ್ ನಿರ್ದೇಶಿಸಿದ ಈ ಚಿತ್ರ ಸ್ವತಂತ್ರ ಕೃತಿಯಲ್ಲ. 2020ರಲ್ಲಿ ಅಶ್ವತ್ ಮಾರಿಮುತ್ತು ಅವರು ತಮಿಳಿನಲ್ಲಿ ನಿರ್ದೇಶಿಸಿದ ‘ಓ ಮೈ ಕಡವುಳೇ’ ಇದರ ಮೂಲ. ಬಾಲ್ಯದ ಗೆಳತಿಯನ್ನು ಹೆಚ್ಚು ಯೋಚಿಸದೆ ಮದುವೆಯಾದ ತರುಣನೊಬ್ಬನು (ಡಾರ್ಲಿಂಗ್ ಕೃಷ್ಣ) ಆಕೆಯಲ್ಲಿ (ಸಂಗೀತಾ ಶೃಂಗೇರಿ) ಹೆಂಡತಿಯನ್ನು ಕಾಣಲಾರದೆ ವಿಚ್ಛೇದನದ ಹಂತಕ್ಕೆ ಬರುತ್ತಾನೆ. ಆಗ ದೇವರು ಎದುರಾಗಿ ಒಂದು ಚೀಟಿಯನ್ನು ಕೊಟ್ಟು, ಮದುವೆಗೆ ಹಿಂದಿನ ಕ್ಷಣಕ್ಕೆ ಕಳುಹಿಸುತ್ತಾನೆ. ಈ ಸಲ ಅವನು ಮದುವೆಯನ್ನು ನಿರಾಕರಿಸಿ, ಹಿಂದೊಮ್ಮೆ ಮೆಚ್ಚಿದ್ದ ಇನ್ನೊಬ್ಬಳ (ರೋಶಿನಿ ಪ್ರಕಾಶ್) ಬೆನ್ನು ಹತ್ತುತ್ತಾನೆ. ಕೊನೆಗೆ ತನ್ನ ಒಲವು ಇದ್ದದ್ದು ಮೊದಲಿನವಳಲ್ಲಿಯೇ ಎಂದು ಅರಿಯುತ್ತಾನೆ.

ಈ ಕಥೆಯ ಸತ್ವವಿರುವುದು ದೇವರ ಚೀಟಿಯಲ್ಲಲ್ಲ. ತಮಿಳು ಮೂಲದಲ್ಲಿ ನಾಯಕನಿಗೆ ಮಾವನ ಕಾರ್ಖಾನೆಯಲ್ಲಿ ಶೌಚದ ಪಿಂಗಾಣಿ ಆಸನಗಳನ್ನು ಪರೀಕ್ಷಿಸುವ ಕೆಲಸ. ಮೊದಲ ಬದುಕಿನಲ್ಲಿ ಅದು ಅವನಿಗೆ ಅವಮಾನ, ಪ್ರೇಕ್ಷಕರಿಗೆ ನಗೆ. ಎರಡನೆಯ ಬದುಕಿನಲ್ಲಿ ಆ ಮಾವ ತಾನೇಕೆ ಈ ಉದ್ಯಮವನ್ನು ಹಿಡಿದೆನೆಂದು ಹೇಳುವಾಗ ಅವನು ನಿಂತು ಕೇಳುತ್ತಾನೆ. ಗತಕಾಲಕ್ಕೆ ಮರಳಿದವನಿಗೆ ದೊರೆಯುವ ನಿಜವಾದ ಫಲ ಇದು: ಮೊದಲು ಕಿವಿಗೊಡದ ಮಾತು ಈಗ ಕೇಳಿಸುತ್ತದೆ. ಹಗುರವಾದ ಈ ಕಥೆ ವಿಚಾರಕ್ಕೆ ಅರ್ಹವಾಗುವುದು ಇಂತಹ ಕಡೆಯಲ್ಲಿಯೇ.

ಆದರೆ ಕಥೆಯ ಮುಖ್ಯ ದೋಷವೂ ಇದಕ್ಕೆ ಅಂಟಿಕೊಂಡೇ ಇದೆ. ಅದನ್ನು ನನಗೆ ತೋರಿಸಿಕೊಟ್ಟದ್ದು ವಿಮರ್ಶೆಯ ಗ್ರಂಥವಲ್ಲ. ಈ ಚಿತ್ರವನ್ನು ನಾನು ನೋಡಿದ್ದು ರಬಾಳೆಯಲ್ಲಿ, ನೆರೆಯ ಕನ್ನಡ ಕುಟುಂಬವೊಂದರ ಮನೆಯ ದೂರದರ್ಶನದ ಮುಂದೆ. ಠಾಣೆ-ಬೇಲಾಪುರ ರಸ್ತೆಯ ಬದಿಯ ಈ ಕೈಗಾರಿಕಾ ವಲಯಕ್ಕೆ ವಿಜಯಪುರ, ಕಲಬುರಗಿಯ ಕಡೆಯಿಂದ ಕೂಲಿಗೆಂದು ಬಂದವರಿದ್ದಾರೆ. ಕರಾವಳಿಯಿಂದ ಹೋಟೆಲಿನ ಕೆಲಸಕ್ಕೆ ಬಂದವರಿದ್ದಾರೆ. ಚಿತ್ರ ಮುಗಿದಾಗ ವಿಜಯಪುರದ ಕಡೆಯ ಆ ಮನೆಯೊಡತಿ, “ಅಕೀಗೂ ಒಂದ್ ಚೀಟಿ ಕೊಡಬೇಕಿತ್ತಲ್ರೀ?” ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲ.

ಈ ಪ್ರಶ್ನೆ ಚಿತ್ರದ ರಚನೆಯ ಮರ್ಮವನ್ನೇ ಮುಟ್ಟುತ್ತದೆ. ಎರಡು ಬದುಕುಗಳ ನೆನಪು ಇರುವುದು ನಾಯಕನೊಬ್ಬನಿಗೆ. ಆಕೆಯ ದಾಂಪತ್ಯದ ದಿನಗಳು, ಸಿಟ್ಟು, ಕಣ್ಣೀರು ಎಲ್ಲವೂ ಅವನಿಗೆ ದೊರೆತ ವರದಿಂದಾಗಿ ನಡೆದೇ ಇಲ್ಲವೆಂಬಂತೆ ಅಳಿಸಿಹೋಗುತ್ತವೆ. ಹಾಗೆ ಅಳಿಸಲು ಆಕೆಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಅವನು ಕಲಿಯಬೇಕಾದ ಪಾಠಕ್ಕೆ ಅವಳ ಆಯುಷ್ಯ ಹಲಗೆಯಾಗುತ್ತದೆ.

ಇದೇ ಪ್ರಶ್ನೆಯನ್ನು ಕನ್ನಡ ರಂಗಭೂಮಿ ಬಹಳ ಹಿಂದೆಯೇ ಎತ್ತಿತ್ತು. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕದಲ್ಲಿ ಪೂರುವಿಗೆ ಚಿತ್ರಲೇಖೆ ಎಂಬ ನವವಧು ಇದ್ದಾಳೆ. ತಂದೆ ಮಕ್ಕಳು ತಮ್ಮೊಳಗೆ ವಯಸ್ಸನ್ನು ಬದಲಿಸಿಕೊಂಡಾಗ, ಮುದುಕನಾದ ಗಂಡನ ಮುಂದೆ ನಿಲ್ಲಬೇಕಾದವಳು ಅವಳು. ಗಂಡನ ಯೌವನವನ್ನು ಪಡೆದವನು ಅದರೊಡನೆ ಬರುವ ಹೊಣೆಯನ್ನೂ ಹೊರಬೇಕೆಂದು ಅವಳು ಯಯಾತಿಗೆ ಸವಾಲು ಹಾಕುತ್ತಾಳೆ. ಕೊನೆಗೆ ವಿಷ ಕುಡಿದು ಸಾಯುತ್ತಾಳೆ. ಕಾರ್ನಾಡರ ಕೃತಿಗೆ ತುಸು ಮುಂಚೆ, 1959ರಲ್ಲಿ, ಮರಾಠಿಯಲ್ಲಿ ವಿ. ಸ. ಖಾಂಡೇಕರರ ‘ಯಯಾತಿ’ ಕಾದಂಬರಿ ಬಂದಿತ್ತು. ಎರಡು ನೆರೆಭಾಷೆಗಳು ಒಂದೇ ಹೊತ್ತಿನಲ್ಲಿ ಈ ಕಥೆಗೆ ಮರಳಿದ್ದು ರಬಾಳೆಯಂತಹ ಮರಾಠಿ ನೆಲದಲ್ಲಿ ಬದುಕುವ ಕನ್ನಡಿಗರಿಗೆ ನೆನಪಾಗಬೇಕಾದ ಸಂಗತಿ. ನಾಟಕದ ದುರಂತವನ್ನು ಹಾಸ್ಯಚಿತ್ರದಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ನಗಿಸುತ್ತಲೇ ಅವಳಿಗೂ ಒಂದು ನೆನಪನ್ನು, ಒಂದು ಮಾತನ್ನು ಉಳಿಸುವುದು ಅಸಾಧ್ಯವೇನಾಗಿರಲಿಲ್ಲ.

ಹಾಗಾದರೆ ಈ ಚಿತ್ರದಲ್ಲಿ ಋಣ ಎಲ್ಲಿಯೂ ಕಾಣಿಸಿಕೊಳ್ಳುವುದೇ ಇಲ್ಲವೇ? ಕಾಣಿಸಿಕೊಳ್ಳುತ್ತದೆ, ಆದರೆ ಕಥೆಯ ಹೊರಗೆ. ದೇವರ ಪಾತ್ರವನ್ನು ತಮಿಳಿನಲ್ಲಿ ವಿಜಯ್ ಸೇತುಪತಿ, ತೆಲುಗಿನಲ್ಲಿ ವೆಂಕಟೇಶ್, ಕನ್ನಡದಲ್ಲಿ ಪುನೀತ್ ರಾಜ್‌ಕುಮಾರ್ ನಿರ್ವಹಿಸಿದ್ದಾರೆ. ಪುನೀತ್ 2021ರ ಅಕ್ಟೋಬರ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ ನಿಧನರಾದರು. ಚಿತ್ರ ತೆರೆಕಂಡದ್ದು ಅದಾದ ಸುಮಾರು ಹತ್ತು ತಿಂಗಳ ಮೇಲೆ. ಇನ್ನೊಬ್ಬನಿಗೆ ನಗುನಗುತ್ತ ಎರಡನೆಯ ಅವಕಾಶವನ್ನು ಕೊಡುವ ದೇವರಿಗೆ ಅಂತಹ ಅವಕಾಶ ಇರಲಿಲ್ಲ ಎಂಬುದು ಕನ್ನಡದ ಪ್ರೇಕ್ಷಕನಿಗೆ ಮಾತ್ರ ತಿಳಿದಿತ್ತು. ಹೀಗಾಗಿ ಮೂರು ಭಾಷೆಗಳಲ್ಲಿ ನಗೆಗೆಂದೇ ರಚಿತವಾದ ಒಂದೇ ದೃಶ್ಯ ಕನ್ನಡದಲ್ಲಿ ಬೇರೆಯೇ ಅರ್ಥವನ್ನು ಪಡೆಯಿತು. ರೀಮೇಕನ್ನು ಮೂಲದ ನೆರಳೆಂದು ಬದಿಗಿಡುವ ರೂಢಿಯನ್ನು ಸಂಶೋಧಕರು ಇಲ್ಲಿ ಮರುಪರಿಶೀಲಿಸಬೇಕು. ಮಾತು, ಸನ್ನಿವೇಶ ಬದಲಾಗದೆಯೂ ಅರ್ಥ ಬದಲಾಗಬಲ್ಲದು.

ಈ ಅರ್ಥಕ್ಕೆ ಹಿನ್ನೆಲೆಯಾಗಿ ಇನ್ನೊಂದು ಸಂಗತಿಯಿದೆ. ಪುನೀತ್ 1976ರ ‘ಪ್ರೇಮದ ಕಾಣಿಕೆ’ಯಲ್ಲಿ ಹಸುಗೂಸಾಗಿ ತೆರೆಯ ಮೇಲೆ ಬಂದವರು, 1985ರ ‘ಬೆಟ್ಟದ ಹೂವು’ ಚಿತ್ರಕ್ಕಾಗಿ ಬಾಲನಟನ ರಾಷ್ಟ್ರಪ್ರಶಸ್ತಿ ಪಡೆದವರು, 2002ರ ‘ಅಪ್ಪು’ವಿನಲ್ಲಿ ನಾಯಕರಾದವರು. ಒಂದು ತಲೆಮಾರಿನ ಕನ್ನಡಿಗರು ಅವರೊಡನೆಯೇ ಬೆಳೆದರು. 2025ರ ಮಾರ್ಚಿಯಲ್ಲಿ ‘ಅಪ್ಪು’ ಮರುಬಿಡುಗಡೆಯಾದಾಗ ಅದನ್ನು ನೋಡಲು ಹೋದವರು ಕಾಣಬಯಸಿದ್ದು ತಮ್ಮದೇ 2002ನೆಯ ಇಸವಿಯನ್ನೂ ಇದ್ದೀತು. ತಂದೆ ರಾಜ್‌ಕುಮಾರ್ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಕರೆಯುತ್ತಿದ್ದರು. ‘ಲಕ್ಕಿ ಮ್ಯಾನ್’ ನೋಡುವಾಗ ಆ ಸಂಬಂಧ ತಿರುವುಮುರುವಾಯಿತು: ದೇವರ ವೇಷದಲ್ಲಿ ಮಗ ತೆರೆಯ ಮೇಲಿದ್ದ, ಅವನನ್ನು ಮರಳಿ ಕರೆತರಲಾರದ ಅಭಿಮಾನಿಗಳು ಕೆಳಗಿದ್ದರು.

ಊರನ್ನು ಬಿಟ್ಟುಬಂದವರಿಗೆ ಈ ಅಸಹಾಯಕತೆ ಅಪರಿಚಿತವಲ್ಲ. ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರು ತಮ್ಮ ಕಥೆಗಳಲ್ಲಿ ಹನೇಹಳ್ಳಿಗೆ ಮತ್ತೆ ಮತ್ತೆ ಮರಳಿದರು. ಆ ಹನೇಹಳ್ಳಿ ಬರವಣಿಗೆಯಲ್ಲಲ್ಲದೆ ಬೇರೆಲ್ಲಿಯೂ ಹಾಗೆ ಉಳಿದಿರಲಾರದು. ರಬಾಳೆಯ ಕನ್ನಡಿಗನ ಸ್ಥಿತಿಯೂ ಇದೇ. ಊರಿನ ರೈಲು ಅವನನ್ನು ಊರಿಗೆ ಮುಟ್ಟಿಸುತ್ತದೆ, ತನ್ನ ಇಪ್ಪತ್ತನೆಯ ವಯಸ್ಸಿಗೆ ಮುಟ್ಟಿಸುವುದಿಲ್ಲ. ಇತ್ತ, 2004ರಲ್ಲಿ ಠಾಣೆ-ವಾಶಿ ರೈಲುಮಾರ್ಗ ತೆರೆಯುವ ಮುನ್ನ ಅವನು ದುಡಿಯಲು ಬಂದಿಳಿದ ರಬಾಳೆಯೂ ಈಗ ಇಲ್ಲ.

ಆದುದರಿಂದ ‘ಲಕ್ಕಿ ಮ್ಯಾನ್’ ತನ್ನ ಕಥೆಯಲ್ಲಿ ಮುಚ್ಚಿಟ್ಟ ಸತ್ಯವನ್ನು ತನ್ನ ಪಾತ್ರವರ್ಗದ ಮೂಲಕ ಅರಿವಿಲ್ಲದೆ ಹೊರಗೆಡಹುತ್ತದೆ ಎನ್ನಬಹುದು. ಮರಳಿ ಸಿಕ್ಕ ಕಾಲವು ಪುಕ್ಕಟೆಯಲ್ಲ. ಅದನ್ನು ಯಾರೋ ತೆತ್ತಿರುತ್ತಾರೆ. ಚಿತ್ರದ ನಾಯಕನಿಗೆ ಈ ಅರಿವು ಕೊನೆಯವರೆಗೂ ಬರುವುದಿಲ್ಲ. ರಬಾಳೆಯ ಆ ಮನೆಯೊಡತಿಗೆ ಅದು ಒಂದೇ ನೋಟಕ್ಕೆ ಹೊಳೆದಿತ್ತು.